ಪಿಂಚಣಿಗೆ ಮೊದಲೇ ಮುಗಿಯುವ ನೌಕರಿ: ಫಿನ್ಲೆಂಡ್ ಒತ್ತಡವನ್ನು ಅಳೆದ ಬಗೆ

1981ರಲ್ಲಿ ಫಿನ್ಲೆಂಡಿನ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿನ ಸ್ಥಳೀಯ ಆಡಳಿತಗಳ ನೌಕರರಿಗೆ ಒಂದು ಪ್ರಶ್ನಾವಳಿ ಹಂಚಿತು. ತುಂಬಿಕೊಟ್ಟವರು 6,257 ಮಂದಿ, ಎಲ್ಲರೂ 44ರಿಂದ 58 ವರ್ಷದವರು. ಅಲ್ಲಿ ಶಾಲೆ, ಆಸ್ಪತ್ರೆಗಳೂ ಸ್ಥಳೀಯ ಆಡಳಿತದ ಕೈಯಲ್ಲೇ ಇದ್ದುದರಿಂದ ದಾದಿಯರು, ಶಿಕ್ಷಕರು, ಅಡುಗೆಯವರು, ಗುಮಾಸ್ತರು ಎಲ್ಲರೂ ಇದರಲ್ಲಿ ಸೇರಿದ್ದರು. ಯಾವ ಕೆಲಸವನ್ನು ಎಷ್ಟು ವಯಸ್ಸಿನವರೆಗೆ ಮಾಡಿಸುವುದು ನ್ಯಾಯ ಎಂಬುದು ಮೂಲ ಪ್ರಶ್ನೆ. ಇದೇ ಜನರನ್ನು 1985, 1992, 1997ರಲ್ಲಿ, ಕೊನೆಗೆ 2009ರಲ್ಲಿ ಮತ್ತೆ ಮಾತಾಡಿಸಲಾಯಿತು. ವಯಸ್ಸಾದ ನೌಕರರು ಅವಧಿಗೆ ಮೊದಲೇ ಏಕೆ ಹೊರಬೀಳುತ್ತಾರೆ ಎಂಬ ತಿಳಿವಳಿಕೆಯ ದೊಡ್ಡ ಪಾಲು ಈ 28 ವರ್ಷಗಳ ದಾಖಲೆಯಿಂದ ಬಂದದ್ದು.

ಒತ್ತಡವೆಂದರೆ ಬರೀ ಹೆಚ್ಚು ಕೆಲಸ ಎಂಬ ಎಣಿಕೆ ಅಷ್ಟರಲ್ಲೇ ಸಡಿಲಗೊಂಡಿತ್ತು. ಕೆಲಸದ ಬೇಡಿಕೆ ಹೆಚ್ಚಿದ್ದು, ಅದನ್ನು ಹೇಗೆ, ಯಾವಾಗ ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ಕಡಿಮೆಯಿದ್ದಾಗ ಮನುಷ್ಯ ಹೆಚ್ಚು ಬಳಲುತ್ತಾನೆ ಎಂದು ರಾಬರ್ಟ್ ಕರಾಸೆಕ್ 1979ರಲ್ಲಿ ತೋರಿಸಿದ್ದರು. ಲಂಡನ್ನಿನ 10,308 ಸರ್ಕಾರಿ ನೌಕರರ ಮೇಲೆ 1985ರಲ್ಲಿ ಶುರುವಾದ ಎರಡನೇ ವೈಟ್‌ಹಾಲ್ ಅಧ್ಯಯನವೂ ಹಿಡಿತವಿಲ್ಲದ ಕೆಲಸಕ್ಕೂ ಹೃದ್ರೋಗಕ್ಕೂ ನಂಟು ಕಂಡಿತು. ಪಟ್ಟ ಶ್ರಮಕ್ಕೆ ತಕ್ಕ ಸಂಬಳ, ಮನ್ನಣೆ, ಭದ್ರತೆ ಸಿಗದಿರುವುದೇ ಒತ್ತಡದ ಇನ್ನೊಂದು ಬೇರು ಎಂದು ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಹೇಳಿದರು.

ಫಿನ್ಲೆಂಡಿನವರು ಇದನ್ನೆಲ್ಲ ಅಳತೆಗೆ ತಂದರು. ಯುಹಾನಿ ಇಲ್ಮರಿನೆನ್ ಮತ್ತು ಸಂಗಡಿಗರು ರೂಪಿಸಿದ ಕಾರ್ಯಸಾಮರ್ಥ್ಯ ಸೂಚ್ಯಂಕದಲ್ಲಿ ಏಳು ಅಂಶಗಳಿವೆ, ಒಟ್ಟು ಅಂಕ 7ರಿಂದ 49. ಜೀವಮಾನದ ಅತ್ಯುತ್ತಮ ಸ್ಥಿತಿಗೆ ಹೋಲಿಸಿದರೆ ಈಗಿನ ಸಾಮರ್ಥ್ಯಕ್ಕೆ 10ಕ್ಕೆ ಎಷ್ಟು ಎಂಬುದು ಮೊದಲನೆಯದು. ಎರಡನೆಯದು ಕೆಲಸದ ಬೇಡಿಕೆಗೆ ಹೋಲಿಸಿದ ಸಾಮರ್ಥ್ಯ. ಇಲ್ಲಿ ದೈಹಿಕ ಮತ್ತು ಮಾನಸಿಕ ಉತ್ತರಗಳಿಗೆ ಬೇರೆ ಬೇರೆ ತೂಕವಿದೆ: ಮೂಟೆ ಹೊರುವವರಿಗೆ ದೈಹಿಕ ಅಂಕ 1.5 ಪಟ್ಟು, ಮಾನಸಿಕ ಅಂಕ ಅರ್ಧ. ಶಿಕ್ಷಕರಿಗೆ ಇದರ ತಿರುವು. ಎರಡೂ ಬೇಕಾಗುವ ದಾದಿಯರಿಗೆ ಸಮಸಮ. ಈ ತೂಕ ಹಾಕದೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಲೆಕ್ಕ ಕೆಡುತ್ತದೆ. ಉಳಿದವು: ವೈದ್ಯರು ಗುರುತಿಸಿದ ಕಾಯಿಲೆಗಳ ಸಂಖ್ಯೆ, ಅವುಗಳಿಂದ ಕೆಲಸಕ್ಕಾಗುವ ಅಡ್ಡಿ, ಕಳೆದ 12 ತಿಂಗಳ ಅನಾರೋಗ್ಯ ರಜೆ, ಎರಡು ವರ್ಷದ ನಂತರವೂ ಇದೇ ಕೆಲಸ ಮಾಡಬಲ್ಲೆನೇ ಎಂಬ ಸ್ವಂತ ಅಂದಾಜು, ಮತ್ತು ಮನಸ್ಸಿನ ಉತ್ಸಾಹ. 27ರವರೆಗೆ ಕಳಪೆ, 28ರಿಂದ 36 ಸಾಧಾರಣ, 37ರಿಂದ 43 ಉತ್ತಮ, ಅದರ ಮೇಲೆ ಅತ್ಯುತ್ತಮ.

ಇದರ ಬೆಲೆ ಒಂದು ಲೆಕ್ಕದಲ್ಲಿ ತಿಳಿಯುತ್ತದೆ. ಯಾವ ಕಾಯಿಲೆಯೂ ಇಲ್ಲದ, ವರ್ಷವಿಡೀ ಒಂದು ದಿನವೂ ಅನಾರೋಗ್ಯ ರಜೆ ಹಾಕದ ನೌಕರರೊಬ್ಬರನ್ನು ಊಹಿಸಿಕೊಳ್ಳಿ. ಕಾಯಿಲೆ, ಅದರ ಅಡ್ಡಿ, ರಜೆ ಈ ಮೂರು ಅಂಶಗಳಲ್ಲಿ ಅವರಿಗೆ ಪೂರ್ಣ 18 ಅಂಕ (7, 6, 5). ಆದರೆ ಸ್ವಂತ ಸಾಮರ್ಥ್ಯಕ್ಕೆ 6, ಬೇಡಿಕೆಗೆ ಹೋಲಿಸಿ 5, ಎರಡು ವರ್ಷದ ಮಾತಿಗೆ ‘ಖಚಿತವಿಲ್ಲ’ ಎಂದದ್ದಕ್ಕೆ 4, ಉತ್ಸಾಹಕ್ಕೆ 2. ಒಟ್ಟು 35, ಅಂದರೆ ಸಾಧಾರಣ. ಹಾಜರಿ ಪುಸ್ತಕದಲ್ಲಿ ಕಾಣದ ಕುಸಿತ ಇಲ್ಲಿ ಕಂಡಿತು. ರಜೆಯನ್ನಷ್ಟೇ ಎಣಿಸುವ ಸಂಸ್ಥೆ ಇಂಥವರನ್ನು ಗುರುತಿಸುವ ಹೊತ್ತಿಗೆ ತಡವಾಗಿರುತ್ತದೆ. ಮಧ್ಯವಯಸ್ಸಿನಲ್ಲಿ ಅಂಕ ಕಡಿಮೆಯಿದ್ದವರಲ್ಲಿ 28 ವರ್ಷಗಳ ಬಳಿಕ ಸಾವು, ದೈನಂದಿನ ಕೆಲಸಕ್ಕೂ ಆಗದ ಅಶಕ್ತತೆ ಎರಡೂ ಹೆಚ್ಚಿದ್ದವೆಂದು 2011ರ ವರದಿ ಹೇಳಿತು.

1992ರ ಸುತ್ತಿನಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಅಂಕ ಏರಿದವರಲ್ಲಿ ಎಲ್ಲಕ್ಕಿಂತ ಎದ್ದುಕಂಡ ಅಂಶ ವ್ಯಾಯಾಮವಲ್ಲ, ಮೇಲಧಿಕಾರಿಯ ನಡವಳಿಕೆ. ಅದು ಸುಧಾರಿಸಿದ ಕಡೆ ಸಾಮರ್ಥ್ಯ ಹೆಚ್ಚುವ ಸಾಧ್ಯತೆ ಸುಮಾರು ಮೂರೂವರೆ ಪಟ್ಟು. ಒಂದೇ ಬಗೆಯ ಚಲನೆಯ ಕೆಲಸ ಕಡಿಮೆಯಾದಲ್ಲಿ ಎರಡು ಪಟ್ಟು. ವ್ಯಾಯಾಮ ಆಮೇಲೆ. ಮನ್ನಣೆ ಕಡಿಮೆಯಾದ ಕಡೆ ಅಂಕವೂ ಇಳಿದಿತ್ತು. ದೇಹದ ಪಾಡೂ ಇದಕ್ಕೆ ಸೇರುತ್ತದೆ. ಮೂವತ್ತರ ನಂತರ ಶ್ರಮದ ಕೆಲಸ ತಾಳುವ ಶಕ್ತಿ ಹತ್ತು ವರ್ಷಕ್ಕೆ ಸುಮಾರು ಶೇ 10ರಷ್ಟು ಇಳಿಯುತ್ತದೆ, ರಾತ್ರಿ ಪಾಳಿಯ ನಿದ್ದೆ ತುಂಬಿಕೊಳ್ಳಲು ಹೆಚ್ಚು ದಿನ ಬೇಕಾಗುತ್ತದೆ. ಕೆಲಸದ ಹೊರೆ ಮಾತ್ರ ಇಪ್ಪತ್ತೈದರಲ್ಲಿ ಇದ್ದಷ್ಟೇ ಉಳಿದಿರುತ್ತದೆ.

ಕಾನೂನು ನಿಧಾನವಾಗಿ ಹಿಂಬಾಲಿಸಿತು. 1980ರ ದಶಕದಲ್ಲಿ ಬಳಲಿದ ಹಿರಿಯರಿಗೆ ಬೇಗ ಪಿಂಚಣಿ ಕೊಟ್ಟು ಕಳಿಸುವ ದಾರಿಗಳನ್ನು ಫಿನ್ಲೆಂಡ್ ತೆರೆದಿತ್ತು. 2005ರ ಸುಧಾರಣೆ ಅವುಗಳನ್ನು ಮುಚ್ಚುತ್ತ ಬಂದು, ನಿವೃತ್ತಿಯನ್ನು 63ರಿಂದ 68ರ ನಡುವೆ ನೌಕರರ ಆಯ್ಕೆಗೆ ಬಿಟ್ಟಿತು. 2017ರಿಂದ ಕೆಳಮಿತಿ ಒಂದೊಂದು ಜನ್ಮವರ್ಷಕ್ಕೆ ಮೂರು ತಿಂಗಳಂತೆ 65ರತ್ತ ಏರತೊಡಗಿತು. ಇದೆಲ್ಲಕ್ಕಿಂತ ಉಪಯೋಗದ್ದು 2012ರ 30-60-90 ದಿನಗಳ ನಿಯಮ. ಅನಾರೋಗ್ಯ ರಜೆ 30 ದಿನ ದಾಟಿದರೆ ಮಾಲೀಕರು ಕಂಪನಿಯ ಆರೋಗ್ಯ ಸೇವೆಗೆ ತಿಳಿಸಬೇಕು. ಎರಡು ತಿಂಗಳೊಳಗೆ ಅನಾರೋಗ್ಯ ಭತ್ಯೆಗೆ ಅರ್ಜಿ ಹೋಗಬೇಕು. 90 ದಿನವಾಗುವಷ್ಟರಲ್ಲಿ ಆ ನೌಕರ ಯಾವ ಕೆಲಸಕ್ಕೆ, ಹೇಗೆ ಮರಳಬಹುದೆಂದು ವೈದ್ಯರು ಬರೆದುಕೊಡಬೇಕು. ರಜೆ ಉದ್ದವಾದಷ್ಟೂ ಮರಳಿ ಬರುವ ಸಾಧ್ಯತೆ ಕಡಿಮೆಯಾಗುವುದೇ ಇದಕ್ಕೆ ಕಾರಣ.

ನಮ್ಮಲ್ಲಿ ಕರ್ನಾಟಕ ಸರ್ಕಾರಿ ನೌಕರರ ನಿವೃತ್ತಿ 60ಕ್ಕೆ, ಭವಿಷ್ಯ ನಿಧಿಯ ಪಿಂಚಣಿ 58ಕ್ಕೆ. ಹತ್ತು ವರ್ಷ ಸೇವೆಯಾದವರು 50 ದಾಟಿದ ಮೇಲೆ ಮೊದಲೇ ಪಿಂಚಣಿ ಕೇಳಬಹುದು. ಆದರೆ 58ಕ್ಕೆ ಬಾಕಿಯಿರುವ ಪ್ರತಿ ವರ್ಷಕ್ಕೂ ಶೇ 4ರ ಕಡಿತ. ಒತ್ತಡ ತಾಳದೆ 52ಕ್ಕೇ ಬಿಟ್ಟವರು ಆಗಲೇ ಪಿಂಚಣಿ ಪಡೆದರೆ ಆರು ವರ್ಷದ ಕಡಿತವನ್ನು ಬದುಕಿನುದ್ದಕ್ಕೂ ಹೊರಬೇಕು. ಏಳು ಅಂಶಗಳ ಆ ನಮೂನೆಗೆ ರಕ್ತಪರೀಕ್ಷೆಯಾಗಲಿ ಯಂತ್ರವಾಗಲಿ ಬೇಡ. ಆದರೆ ಉತ್ತರಗಳು ವೈದ್ಯರ ಬಳಿಯೇ ಉಳಿಯಬೇಕು. ಆಡಳಿತ ವಿಭಾಗದ ಕೈಗೆ ಹೋಗುತ್ತದೆಂದು ಗೊತ್ತಾದರೆ ಯಾರೂ ನಿಜ ಬರೆಯುವುದಿಲ್ಲ. 45 ತುಂಬಿದ ಬಸ್ ಚಾಲಕರು, ದಾದಿಯರು, ಬ್ಯಾಂಕ್ ನೌಕರರಿಗೆ ವರ್ಷಕ್ಕೊಮ್ಮೆ ಕೊಟ್ಟರೆ, ಅಂಕ 36ಕ್ಕೆ ಇಳಿದವರ ಪಾಳಿಯನ್ನು ಅವರು ರಜೆ ಹಾಕುವ ಮೊದಲೇ ಬದಲಿಸಬಹುದು.