ಮೊಟ್ಟೆ ನಿಂತ್ರೆ ಹಳದಿ ಪುಡಿ ಯಾಕೆ ಹಾಕ್ತೀರಿ?

ನವೆಂಬರ್ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ಥರದ ಕಾಲ್ ಶುರು. ಕೋಳಿ ಮೊಟ್ಟೆ ನಿಲ್ಸಿದೆ, ಫೀಡ್ ಅಂಗಡಿಯೋರು ಹಳದಿ ಪುಡಿ ಕೊಟ್ಟಿದಾರೆ, ವಾರದಿಂದ ನೀರಿಗೆ ಹಾಕ್ತಿದೀವಿ, ಏನೂ ಆಗಿಲ್ಲ, ಡೋಸ್ ಜಾಸ್ತಿ ಮಾಡ್ಲಾ ಸಾರ್?

ಆ ಹಳದಿ ಪುಡಿ ಸಾಮಾನ್ಯವಾಗಿ ಟೆಟ್ರಾಸೈಕ್ಲಿನ್ ಜಾತಿಯ ಆಂಟಿಬಯೋಟಿಕ್. ಬ್ಯಾಕ್ಟೀರಿಯಾ ಹದ್ದುಬಸ್ತಿಗೆ ತರೋ ಔಷಧಿ ಅದು, ಮೊಟ್ಟೆ ಇಡ್ಸೋ ಔಷಧಿ ಅಲ್ಲ. ಮೊಟ್ಟೆ ಇಡ್ಸೋ ಔಷಧಿ ಅಂತ ಒಂದು ಇಲ್ಲವೇ ಇಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ಜನ ನಾನೇನೋ ಮುಚ್ಚಿಡ್ತಿದೀನಿ ಅನ್ನೋ ಹಾಗೆ ಮುಖ ನೋಡ್ತಾರೆ.

ಪಕ್ಕದ ಬಡಾವಣೆಯ ರಿಟೈರ್ಡ್ ಮೇಷ್ಟ್ರು ಒಬ್ರು ಗಿರಿರಾಜ ತಳಿ ಕೋಳಿ ಸಾಕಿದಾರೆ. ಕರೆದ್ರು ಅಂತ ಹೋದೆ. ಅಂಗಳದ ತುಂಬ ಪುಕ್ಕ, ಕೋಳಿಗಳ ಕತ್ತು ಬೋಳು, ಆ ಬೋಳು ಚರ್ಮದಲ್ಲಿ ಹೊಸ ಪುಕ್ಕದ ಮೊಳಕೆ ನೀಲಿ ನೀಲಿಯಾಗಿ ಚುಚ್ಕೊಂಡು ಬರ್ತಿತ್ತು. ಮೇಷ್ಟ್ರ ಕೈಲಿ ಪುಡಿ ಪೊಟ್ಟಣ. ನಾನಂದೆ, ಸಾರ್, ಇವು ಹಳೇ ಪುಕ್ಕ ಉದುರಿಸಿ ಹೊಸದು ಹಾಕ್ಕೊಳ್ತಿವೆ, ಪುಕ್ಕ ಅಂದ್ರೆ ಹೆಚ್ಚುಕಮ್ಮಿ ಪೂರ್ತಿ ಪ್ರೋಟೀನು, ಅದನ್ನ ಕಟ್ಟೋವಾಗ ಮೊಟ್ಟೆಗೆ ಎಲ್ಲಿಂದ ತರ್ತವೆ? ಅವರು ಸಮಾಧಾನವಾಗಿ, "ಹೋದ ವರ್ಷ ಇದೇ ಪುಡಿ ಹಾಕಿದ್ದಕ್ಕೆ ಎರಡು ತಿಂಗಳಲ್ಲಿ ಇಟ್ವಲ್ಲ ಡಾಕ್ಟ್ರೇ" ಅಂದ್ರು.

ಇಲ್ಲೇ ಇರೋದು ಎಡವಟ್ಟು. ಪುಕ್ಕ ಬದಲಾಯಿಸೋಕೆ ಕೋಳಿ ತಗೊಳ್ಳೋದೇ ಎರಡು ಮೂರು ತಿಂಗಳು. ಪುಡಿ ಹಾಕಿದ್ರೂ ಅಷ್ಟೇ, ಹಾಕ್ದೆ ಇದ್ರೂ ಅಷ್ಟೇ, ಆಮೇಲೆ ಅದು ತಾನಾಗೇ ಇಡುತ್ತೆ, ಹೆಸರು ಮಾತ್ರ ಪುಡಿಗೆ. ಜೊತೆಗೆ ಹಗಲಿನ ಲೆಕ್ಕ ಬೇರೆ ಇದೆ. ಜೂನಲ್ಲಿ ಬೆಂಗಳೂರು ಕಡೆ ಹಗಲು 12 ಮುಕ್ಕಾಲು ಗಂಟೆ ಇರುತ್ತೆ, ಡಿಸೆಂಬರಿಗೆ 11 ಕಾಲು ಚಿಲ್ಲರೆ. ಚೆನ್ನಾಗಿ ಮೊಟ್ಟೆ ಬರ್ಬೇಕು ಅಂದ್ರೆ 14ರಿಂದ 16 ಗಂಟೆ ಬೆಳಕು ಬೇಕು. ಫಾರ್ಮಿನೋರು ರಾತ್ರಿ ಲೈಟ್ ಹಾಕೋದು ಇದಕ್ಕೇನೇ. ಮನೆ ಕೋಳಿಗೂ ಹಾಕ್ಬೇಕಾ ಅಂತ ಕೇಳಿದ್ರೆ, ಅವಕ್ಕೂ ಒಂದು ರೆಸ್ಟು ಬೇಡ್ವಾ, ಬಿಡಿ ಅಂತೀನಿ.

ಪುಡಿ ಹಾಕಿದ್ರೆ ನಷ್ಟ ಏನು ಅಂತೀರಾ? ಒಂದು, ಹತ್ತು ಕೋಳೀಲಿ ಎಂಟು ನಿಲ್ಸಿದ್ರೂ ಇನ್ನೆರಡು ಇಡ್ತಿರ್ತವೆ, ಆ ಮೊಟ್ಟೇಲಿ ಔಷಧಿ ಅಂಶ ಇರುತ್ತೆ, ಅದನ್ನೇ ಮೊಮ್ಮಗುಗೆ ಬೇಯ್ಸಿ ಕೊಡ್ತೀರಿ. ಎರಡು, ಹೀಗೆ ಬೇಕಾಬಿಟ್ಟಿ ಕೊಟ್ಟು ಕೊಟ್ಟು ನಾಳೆ ನಿಜವಾಗ್ಲೂ ಸೋಂಕು ಬಂದಾಗ ಔಷಧಿ ನಾಟಲ್ಲ. ಇನ್ನು ಕೆಲವರು ಜಾಣತನ ಮಾಡಿ ಅದೇ ನೀರಿಗೆ ಕ್ಯಾಲ್ಸಿಯಂ ಟಾನಿಕ್ಕೂ ಸುರೀತಾರೆ, ಟೆಟ್ರಾಸೈಕ್ಲಿನ್ನೂ ಕ್ಯಾಲ್ಸಿಯಮ್ಮೂ ಒಂದಕ್ಕೊಂದು ಅಂಟ್ಕೊಂಡು ಮೈಗೆ ಹತ್ತದೆ ಬಹುಪಾಲು ಹಿಕ್ಕೇಲೇ ಹೋಗುತ್ತೆ, ದುಡ್ಡೂ ಅದರ ಜೊತೆಗೇ.

ಔಷಧಿಗೆ ಮುಂಚೆ ಕೋಳೀನ ಕೈಗೆ ಎತ್ಕೊಳ್ಳಿ ಮಾರಾಯ್ರೇ. ಹಿಂಭಾಗದಲ್ಲಿ ಮೊಟ್ಟೆದ್ವಾರದ ಎರಡೂ ಕಡೆ ಚೂಪಾದ ಎರಡು ಎಲುಬು ಸಿಗ್ತವೆ. ಇಡೋ ಕೋಳೀಲಿ ಅವುಗಳ ಮಧ್ಯೆ ಎರಡು ಮೂರು ಬೆರಳು ಸಲೀಸಾಗಿ ಕೂರುತ್ತೆ, ದ್ವಾರ ಅಗಲವಾಗಿ ತೇವವಾಗಿರುತ್ತೆ, ಜುಟ್ಟು ಕೆಂಪಗೆ ಬೆಚ್ಚಗಿರುತ್ತೆ. ನಿಲ್ಸಿರೋದ್ರಲ್ಲಿ ಒಂದು ಬೆರಳೂ ಕಷ್ಟ, ದ್ವಾರ ಒಣಗಿ ಸುಕ್ಕಾಗಿರುತ್ತೆ. ಎಲುಬುಗಳ ಮಧ್ಯೆ ಮೂರು ಬೆರಳು ಕೂರುತ್ತೆ ಆದ್ರೆ ಗೂಡಲ್ಲಿ ಮೊಟ್ಟೆ ಇಲ್ಲ ಅಂದ್ರೆ ಕೋಳಿ ಇಡ್ತಿದೆ, ಎಲ್ಲಿ ಅಂತ ಹುಡುಕ್ಬೇಕಾದ್ದು ನೀವು. ಒಬ್ರು ಅಜ್ಜಿ ಸೊಸೆ ಮೇಲೆ ಅನುಮಾನಪಟ್ಟು ಒಂದು ವಾರ ಮಾತು ಬಿಟ್ಟಿದ್ರಂತೆ, ಕೊನೆಗೆ ನೋಡಿದ್ರೆ ಹುಲ್ಲಿನ ಬಣವೆ ಸಂದೀಲಿ ಒಂದು ರಾಶಿ ಮೊಟ್ಟೆ. ಅಜ್ಜಿ ನಂಗೂ ನಾಲ್ಕು ಕಟ್ಟಿಕೊಟ್ರು, ಎಷ್ಟು ದಿನದ್ದೋ ಏನೋ, ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ.

ನಾಟಿ ಹ್ಯಾಟೆ ಹತ್ತು ಹದಿನೈದು ಇಟ್ಟು ಕಾವಿಗೆ ಕೂತ್ರೆ ಅದೂ ಕಾಯಿಲೆ ಅಲ್ಲ. ಮೂಗಿಗೆ ಪುಕ್ಕ ಚುಚ್ಚೋದು, ನೀರಲ್ಲಿ ಮುಳುಗ್ಸೋದು ಎಲ್ಲ ಬಿಟ್ಟುಬಿಡಿ, ತಳಕ್ಕೂ ಗಾಳಿ ಆಡೋ ತಂತಿ ಪಂಜರದಲ್ಲಿ ಮೂರ್ನಾಲ್ಕು ದಿನ ಮೇವು ನೀರು ಕೊಟ್ಟು ಇಡಿ, ಸಾಮಾನ್ಯವಾಗಿ ಕಾವು ಬಿಡುತ್ತೆ.

ಮೇವಿನ ವಿಷಯ ಒಂದೇ ಮಾತು. ಒಂದು ಮೊಟ್ಟೆ ಚಿಪ್ಪಿಗೆ 2 ಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಹೋಗುತ್ತೆ, ನುಚ್ಚು, ಮಿಕ್ಕಿದ ಅನ್ನದಲ್ಲಿ ಅಷ್ಟು ಇಲ್ಲ. ಒಂದು ತಟ್ಟೇಲಿ ಕಪ್ಪೆಚಿಪ್ಪಿನ ಚೂರು ಬೇರೆಯಾಗಿ ಇಡಿ, ಬೇಕಾದಷ್ಟು ಅವೇ ತಿಂತವೆ.

ಹಾಗಂತ ಎಲ್ಲಾನೂ ಸಹಜ ಅಂತ ಕೈಕಟ್ಟಿ ಕೂರಬೇಡಿ. ಮಂಕಾಗಿ ಮೂಲೇಲಿ ತೂಕಡಿಸ್ತಿದ್ರೆ, ಹಸಿರು ಭೇದಿ ಇದ್ರೆ, ಗೊರಗೊರ ಉಸಿರು, ಕತ್ತು ತಿರುಚ್ಕೊಳ್ಳೋದು, ಪೆಂಗ್ವಿನ್ ಥರ ನೆಟ್ಟಗೆ ನಿಂತು ಮುಕ್ಕರಿಯೋದು ಕಂಡ್ರೆ ಫೋನಲ್ಲಿ ಕೇಳ್ಬೇಡಿ, ಕೋಳೀನ ನೋಡ್ದೆ ನಾನೂ ಹೇಳಲ್ಲ, ಆಸ್ಪತ್ರೆಗೆ ತನ್ನಿ. ಆದ್ರೆ ಒಟ್ಟೊಟ್ಟಿಗೆ ಸಾಯೋಕೆ ಶುರುವಾದ್ರೆ ಮಾತ್ರ ಎಲ್ಲಿಗೂ ಹೊತ್ಕೊಂಡು ಹೋಗ್ಬೇಡಿ, ಬರಿಗೈಲಿ ಮುಟ್ಬೇಡಿ, ಮೊದಲು ಪಶು ಆಸ್ಪತ್ರೆಗೆ ತಿಳಿಸಿ.

ಕೊಕ್ಕರೆ ರೋಗ, ಅಂದ್ರೆ ರಾಣಿಖೇತ್, ಬಂದ್ರಂತೂ ಅದು ವೈರಸ್ಸು, ಅದಕ್ಕೆ ಹಳದಿ ಪುಡಿ ಹಾಕಿದ್ರೂ ಒಂದೇ, ಅರಿಶಿನ ಹಾಕಿದ್ರೂ ಒಂದೇ. ಅದಕ್ಕಿರೋದು ಲಸಿಕೆ. ಮರಿಗೆ ಮೊದಲ ವಾರ ಕಣ್ಣಿಗೋ ಮೂಗಿಗೋ ಹನಿ, ಒಂದು ತಿಂಗಳಾದಾಗ ಇನ್ನೊಂದು ಸಲ, 8ರಿಂದ 10 ವಾರದಲ್ಲಿ ಆರ್‌ಟುಬಿ ಅನ್ನೋ ಲಸಿಕೆ ಇಂಜೆಕ್ಷನ್. ಇದಕ್ಕೆ ಮಾತ್ರ ಯಾರೂ ಫೋನ್ ಮಾಡಲ್ಲ! ಆರು ಕೋಳಿ ಇದೆ, 100 ಡೋಸಿನ ಬಾಟ್ಲಿ ಯಾಕೆ ಅಂತಾರೆ. ಲಸಿಕೆ ಬೆರೆಸಿದ ಮೇಲೆ ಒಂದೆರಡು ಗಂಟೇಲಿ ಮುಗಿಸ್ಬೇಕು ಅನ್ನೋದೂ ನಿಜ, ಮಿಕ್ಕಿದ್ದನ್ನ ನಾಳೆಗೆ ಇಡೋ ಹಾಗಿಲ್ಲ. ಅದಕ್ಕೇ ಬೀದಿಯೋರೆಲ್ಲ ಮಾತಾಡ್ಕೊಂಡು ಒಂದು ಬೆಳಿಗ್ಗೆ ಕೋಳಿ ಬಿಡೋಕೆ ಮುಂಚೆ ಕರೀರಿ, ಐಸ್ ಹಾಕಿದ ಫ್ಲಾಸ್ಕ್ ನಾನೇ ತರ್ತೀನಿ, ಕೋಳಿ ಹಿಡಿಯೋಕೆ ಹುಡುಗ್ರನ್ನ ನೀವು ರೆಡಿ ಇಟ್ಕೊಳ್ಳಿ.