ಕೆರೆ ತುಂಬ ಹಸಿರು: ಮೇಲಿನದ್ದು ತೆಗೆಯೋದಾ, ಒಳಗಿನದ್ದೂ ತೆಗೆಯೋದಾ?

ಚನ್ನಗಿರಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮೂರ ಕೆರೆ ಪೂರ್ತಿ ಅಂತರಗಂಗೆ ಹಬ್ಬಿದೆ. ನೀರೊಳಗೂ ಬಳ್ಳಿ ಬಳ್ಳಿಯಾಗಿ ಪಾಚಿ ಬೆಳೆದಿದೆ. ಜೆಸಿಬಿ ತರಿಸಿ ಎರಡನ್ನೂ ಒಟ್ಟಿಗೇ ಎತ್ತಿಸಿಬಿಡೋಣ ಅಂತಿದ್ದಾರೆ ಊರವರು. ಸರೀನಾ ಸರ್?"

ಮೇಲಿನದ್ದು ಎತ್ತಿಸಿ. ಒಳಗಿನದ್ದಕ್ಕೆ ಕೈ ಹಚ್ಚುವ ಮೊದಲು ಒಂದು ಸಣ್ಣ ಕೆಲಸ ಮಾಡಿ.

ಕೆರೆ ಅಂಚಿಗೆ ಹೋಗಿ ಆ ಬಳ್ಳಿಯನ್ನು ಒಂದು ಹಿಡಿ ಎಳೆದುಕೊಳ್ಳಿ. ತೆಳ್ಳನೆ ಕಾಂಡ, ಗೆಣ್ಣು ಗೆಣ್ಣಿಗೂ ಸುತ್ತ ನಾಲ್ಕೈದು ಪುಟ್ಟ ಎಲೆ, ಅಂಚು ಸವರಿದರೆ ಒರಟು. ಹಾಗಿದ್ದರೆ ಅದು ಹೈಡ್ರಿಲ್ಲಾ. ನಾವು ಸುಮ್ನೆ ಪಾಚಿ ಅಂತೀವಿ, ಆದರೆ ಅದು ಬೇರು ಬಿಟ್ಟು ಹೂ ಬಿಡುವ ಗಿಡ. ಗಾಜಿನ ಬಾಟಲಿಗೆ ಕೆರೆ ನೀರು ತುಂಬಿ, ಬಳ್ಳಿಯ ತುಂಡನ್ನು ತಲೆಕೆಳಗಾಗಿ ಇಳಿಬಿಟ್ಟು ಬಿಸಿಲಿಗಿಡಿ. ಸ್ವಲ್ಪ ಹೊತ್ತಿಗೆ ಕತ್ತರಿಸಿದ ತುದಿಯಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಮೇಲೇಳುತ್ತವೆ. ಅದು ಆಮ್ಲಜನಕ. ಹೈಸ್ಕೂಲಿನಲ್ಲಿ ಬೀಕರು, ಆಲಿಕೆ ಇಟ್ಟು ಮೇಷ್ಟ್ರು ತೋರಿಸಿದ್ದು ಇದನ್ನೇ ಅಲ್ವಾ? ನಿಮ್ಮ ಕೆರೆಯ ಮೀನು ಉಸಿರಾಡೋದರಲ್ಲಿ ಈ ಗುಳ್ಳೆಗಳ ಪಾಲೂ ಇದೆ.

ಅಂತರಗಂಗೆಯೂ ಆಮ್ಲಜನಕ ಮಾಡುತ್ತದೆ. ಆದರೆ ಅದರ ಎಲೆ ಇರೋದು ಗಾಳಿಯಲ್ಲಿ, ಬಿಡೋದೂ ಗಾಳಿಗೇ. ಮೀನಿಗೆ ಅದರಿಂದ ಏನೂ ಸಿಗಲ್ಲ. ಮೇಲಿಂದ ಬಿಸಿಲು ಬೇರೆ ತಡೆಯುತ್ತದೆ. ಬಿಸಿಲಿಲ್ಲದೆ ಒಳಗಿನ ಬಳ್ಳಿ ಸಾಯುತ್ತದೆ, ಕೊಳೆಯುತ್ತದೆ, ಕೊಳೆಯುವಾಗ ಇದ್ದಬದ್ದ ಆಮ್ಲಜನಕವನ್ನೂ ತಿಂದುಹಾಕುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಇದೇ ಕಥೆ. (ಅಂತರಗಂಗೆ ಅಂತ ನಮ್ಮಲ್ಲಿ ಎರಡಕ್ಕೂ ಅಂತಾರೆ. ಬಿಚ್ಚಿದ ಎಲೆಕೋಸಿನಂಥದ್ದು ಒಂದು, ನೇರಳೆ ಹೂವಿನದು ಇನ್ನೊಂದು. ಎರಡನೆಯದು ದಕ್ಷಿಣ ಅಮೆರಿಕದಿಂದ ಬಂದದ್ದು. ಈ ವಿಷಯದಲ್ಲಿ ಎರಡೂ ಒಂದೇ.)

ನ್ಯೂಯಾರ್ಕಿನ ಹಡ್ಸನ್ ನದಿಯಲ್ಲೂ ಇದೇ ಜಗಳ. ಸಮುದ್ರದ ಉಬ್ಬರ ಇಳಿತ ಆ ನದಿಯೊಳಗೆ ಸುಮಾರು 240 ಕಿ.ಮೀ. ತನಕ ಬರುತ್ತದೆ, ಮೇಲ್ಭಾಗದಲ್ಲಿ ನೀರು ಮಾತ್ರ ಸಿಹಿ. ಅಲ್ಲಿ ಮುಳುಗಿ ಬೆಳೆಯುವ ವಾಲಿಸ್ನೇರಿಯಾ ಹುಲ್ಲು ಇರುವ ಕಡೆ ಹಗಲು ಆಮ್ಲಜನಕ ಏರುತ್ತದೆ. ತೇಲುವ ಎಲೆಯ ಶಿಂಗಾಡ ಗಿಡ ಹಬ್ಬಿದ ಕಡೆ ಕುಸಿಯುತ್ತದೆ. ಅಲ್ಲಿ ದಿನಕ್ಕೆರಡು ಸಲ ನೀರು ಏರಿಳಿದು ಒಂದಿಷ್ಟು ಹೊಸ ನೀರಾದರೂ ಬರುತ್ತದೆ. ನಮ್ಮ ಕೆರೆಗೆ ವರ್ಷಕ್ಕೊಂದೇ ಉಬ್ಬರ: ಮಳೆ, ಇಲ್ಲಾ ಭದ್ರಾ ಚಾನಲ್. ಅದಕ್ಕೇ ಇಲ್ಲಿ ಹೊದಿಕೆಯ ಕಾಟ ಜಾಸ್ತಿ.

ಇನ್ನು ತೆಗೆಯುವ ವಿಚಾರ. ಅಂತರಗಂಗೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ. ಟ್ರ್ಯಾಕ್ಟರ್ ಗಟ್ಟಲೆ ಎತ್ತಿದ್ದು ಒಣಗಿದರೆ ನಾಲ್ಕು ಪುಟ್ಟಿ ಆದೀತು. ಕೆರೆ ದಂಡೆಗೇ ರಾಶಿ ಹಾಕಬೇಡಿ, ಮಳೆ ಬಂದರೆ ವಾಪಸ್ ನೀರಿಗೇ. ಹೂ ಬಿಟ್ಟು ಬೀಜ ಕಟ್ಟುವ ಮೊದಲೇ ತೆಗೆಸಿ, ಬೀಜ ಹೂಳಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಚರಂಡಿ ನೀರು, ಗೊಬ್ಬರ ಕರಗಿದ ಗದ್ದೆಯ ಬಸಿನೀರು ಬರುವುದು ನಿಲ್ಲದಿದ್ದರೆ ಮುಂದಿನ ವರ್ಷವೂ ಜೆಸಿಬಿ ಬಾಡಿಗೆ ಕಟ್ಟಬೇಕಾಗುತ್ತದೆ.

ಹೈಡ್ರಿಲ್ಲಾ ಏನೂ ದೇವರಲ್ಲ. ಅತಿಯಾದರೆ ಬಲೆಗೆ ಸಿಕ್ಕಿಕೊಳ್ಳುತ್ತದೆ, ತೂಬಿಗೆ ಅಡ್ಡ ಕೂರುತ್ತದೆ. ಆಗಲೂ ಜೆಸಿಬಿ ಬೇಡ. ಬಕೆಟ್ ಹಾಕಿ ಎಳೆದರೆ ತುಂಡಾಗುತ್ತದೆ, ಗೆಣ್ಣಿರುವ ಒಂದೊಂದು ತುಂಡೂ ಹೊಸ ಗಿಡ. ತೂಬಿನ ಹತ್ತಿರದ್ದನ್ನು ಕೈಯಲ್ಲಿ ತೆಗೆಸಿ. ಮೀನು ಬಿಡುವವರಿದ್ದರೆ ಮರಿಗಳ ಜೊತೆ ಒಂದಿಷ್ಟು ಹುಲ್ಲುಗೆಂಡೆಯನ್ನೂ ಬಿಡಲಿ, ಮೇಯುತ್ತವೆ. ತುಂಬಾ ಬಿಟ್ಟರೆ ಪೂರ್ತಿ ಬೋಳಿಸಿಬಿಡುತ್ತವೆ, ಹುಷಾರು.

ಬಾಟಲಿಯಲ್ಲಿ ಗುಳ್ಳೆಯೇ ಬರದೆ, ಬಳ್ಳಿ ಕಪ್ಪಾಗಿ ಕೊಳೆತ ವಾಸನೆ ಹೊಡೆದರೆ? ಹೊದಿಕೆ ತೆಗೆಯೋದು ತಡವಾಗಿದೆ ಅಂತ ಲೆಕ್ಕ. ಈಗಲಾದರೂ ತೆಗೆಸಿ. ಹೂಳಿನೊಳಗೆ ಕಾಳಿನಷ್ಟು ಸಣ್ಣ ಗೆಡ್ಡೆಗಳು ಉಳಿದಿರುತ್ತವೆ, ಬಿಸಿಲು ತಾಗಿದರೆ ಅವೇ ಚಿಗುರುತ್ತವೆ.