ತೂಕ ಇಳಿಸುವ ಆಪರೇಷನ್: ಶಿರಾಕ್ಕೆ ವಾಪಸ್ ಬಂದ ಮೇಲೆ ತೊಂದರೆಯಾದರೆ?

ಪ್ರಶ್ನೆ: ನಮ್ಮಕ್ಕನಿಗೆ 41 ವರ್ಷ, 120 ಕೆಜಿ ತೂಕ. ಶುಗರ್ ಇದೆ, ಜೋರು ಗೊರಕೆ. ಬೆಂಗಳೂರಿನಲ್ಲಿ ಸ್ಲೀವ್ ಆಪರೇಷನ್ (ಜಠರ ಚಿಕ್ಕದು ಮಾಡುವುದು) ಮಾಡಿಸಿ ಅಂದಿದ್ದಾರೆ. ಇಷ್ಟು ದಪ್ಪ ಇರುವವರಿಗೆ ಆಪರೇಷನ್ ಮಾಡುವಾಗ ಏನಾದರೂ ಆದರೆ? — ಶಿರಾದಿಂದ ಒಬ್ಬ ತಮ್ಮ

ನಿಮ್ಮ ಭಯ ಸಹಜ. ಆದರೆ ಥಿಯೇಟರ್‌ನಲ್ಲಿ ಅಕ್ಕನ ಒಂದೊಂದು ಉಸಿರನ್ನೂ ನೋಡಿಕೊಳ್ಳುವವರು ಇರುತ್ತಾರೆ. ನನಗೆ ಜಾಸ್ತಿ ಯೋಚನೆ ಇರುವುದು ಮನೆಗೆ ಬಂದ ಮೇಲಿನ ದಿನಗಳದ್ದು.

ದಪ್ಪ ಇರುವವರು ಅಂಗಾತ ಮಲಗಿದರೆ ಹೊಟ್ಟೆಯ ಭಾರ ಶ್ವಾಸಕೋಶವನ್ನು ಒತ್ತುತ್ತದೆ. ಅರಿವಳಿಕೆ ಕೊಟ್ಟಾಗ ಆಕ್ಸಿಜನ್ ಬೇಗ ಇಳಿಯುತ್ತದೆ. ಅದಕ್ಕೇ ಕಿವಿಯ ತೂತು ಎದೆಮೂಳೆಯ ಮಟ್ಟಕ್ಕೆ ಬರುವಷ್ಟು ತಲೆ, ಭುಜ ಎತ್ತರಿಸಿ ಮಲಗಿಸಿ, ಮೊದಲೇ ಆಕ್ಸಿಜನ್ ಕೊಡುತ್ತಾರೆ. ಗೊರಕೆಯ ವಿಷಯ ತಪ್ಪದೆ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದರೆ ಮಾಸ್ಕ್‌ನಿಂದ ಗಾಳಿ ಒತ್ತಿ ಕೊಡುವ ಮೆಷಿನ್ ಬೇಕಾಗಬಹುದು.

ಎರಡು ವಾರ ಮುಂಚೆ ಪಥ್ಯ ಹೇಳುತ್ತಾರೆ. ಕೊಬ್ಬು ತುಂಬಿದ ಲಿವರ್ ಕುಗ್ಗಿದರೆ ಅದರ ಕೆಳಗಿರುವ ಜಠರ ಸರ್ಜನ್‌ಗೆ ಸರಿಯಾಗಿ ಕಾಣುತ್ತದೆ. 'ಇನ್ನೇನು ತಿನ್ನೋಕಾಗಲ್ಲ, ಈಗಲೇ ತಿಂದುಬಿಡಲಿ' ಅಂತ ಹೋಳಿಗೆ ಬಡಿಸಬೇಡಿ.

ಆಪರೇಷನ್ ಆದ ಮೇಲೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಬಹುದು. ಹಾಗಾಗಿ ಸಾಮಾನ್ಯವಾಗಿ ಅದೇ ದಿನ ಎಬ್ಬಿಸಿ ನಡೆಸುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ. ಮನೆಗೂ ಬರೆದುಕೊಟ್ಟಿದ್ದರೆ ಒಂದೂ ಬಿಡಬೇಡಿ.

ಇನ್ನು ಲೀಕ್. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗದಷ್ಟು ತೆಗೆದು, ಉಳಿದದ್ದಕ್ಕೆ ಸ್ಟೇಪಲ್ ಹಾಕುತ್ತಾರೆ. ಅಪರೂಪಕ್ಕೆ ಆ ಸಾಲು ಬಿಟ್ಟುಕೊಂಡು ಒಳಗೆ ಸೋರುತ್ತದೆ. ಮನೆ ಸೇರಿದ ಮೇಲೂ ಆಗಬಹುದು. ದಪ್ಪ ಇರುವವರಲ್ಲಿ ಹೊಟ್ಟೆ ಒತ್ತಿ ನೋಡಿದರೆ ಇದು ಗೊತ್ತಾಗದೇ ಹೋಗಬಹುದು. ಎಷ್ಟೋ ಸಲ ಮೊದಲು ಸುಳಿವು ಕೊಡುವುದು ನಾಡಿ. ಅಕ್ಕನನ್ನು ಐದು ನಿಮಿಷ ಸುಮ್ನೆ ಕೂರಿಸಿ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. 120 ದಾಟಿದ್ದರೆ ಜ್ವರ ಬರಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ. ಅದಕ್ಕಿಂತ ಕಡಿಮೆ ಇದ್ದರೂ ಜ್ವರ, ಎಡಭುಜದಲ್ಲಿ ನೋವು, ಏದುಸಿರು, ಕಾರಣವಿಲ್ಲದ ಚಡಪಡಿಕೆ ಕಂಡರೆ ಹೊರಡಿ. ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕೊಟ್ಟು ರಾತ್ರಿ ಕಳೆಯಬೇಡಿ, ದಯವಿಟ್ಟು. ಬೇಗ ಸಿಟಿ ಸ್ಕ್ಯಾನ್ ಆದರೆ ಟ್ಯೂಬ್ ಇಟ್ಟು ಸೋರಿದ್ದನ್ನು ತೆಗೆದೋ, ಒಳಗೆ ಸ್ಟೆಂಟ್ (ಸೋರುವ ಜಾಗ ಮುಚ್ಚುವ ಕೊಳವೆ) ಹಾಕಿಯೋ, ಬೇಕಾದರೆ ಮತ್ತೆ ಆಪರೇಷನ್ ಮಾಡಿಯೋ ಉಳಿಸಿಕೊಳ್ಳುತ್ತಾರೆ. ತಡವಾದಷ್ಟೂ ನಂಜು ಮೈಗೆಲ್ಲ ಏರುತ್ತದೆ.

ನಮ್ಮ ಕಡೆಯ ಒಂದು ಅಭ್ಯಾಸದ ಬಗ್ಗೆಯೂ ಹೇಳಲೇಬೇಕು. ವಾಂತಿ ಆದರೆ ಹತ್ತಿರದ ಕ್ಲಿನಿಕ್‌ನಲ್ಲಿ ಒಂದು ಬಾಟಲ್ ಗ್ಲೂಕೋಸ್ ಹಾಕಿಸಿಕೊಂಡು ಬರ್ತೀವಿ, ಅಲ್ವಾ? ಈ ಆಪರೇಷನ್ ಆದವರಿಗೆ ದಿನಗಟ್ಟಲೆ ವಾಂತಿಯಾದರೆ ಬಿ1 ವಿಟಮಿನ್ ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು. ಕಣ್ಣು ಎರಡೆರಡು ಕಾಣುವುದು, ನಡಿಗೆ ತೂರಾಡುವುದು ಅದರ ಲಕ್ಷಣ. ಡಾಕ್ಟರಿಗೆ ಮೊದಲೇ 'ಸ್ಲೀವ್ ಆಗಿದೆ, ಬಿ1 ಕೊಡಿ' ಅನ್ನಿ. ಮೆಡಿಕಲ್ ಸ್ಟೋರ್‌ನಿಂದ ನೋವಿನ ಮಾತ್ರೆಯನ್ನೂ ಕೇಳದೆ ತರಬೇಡಿ.

ಶಿರಾದಿಂದ ಬೆಂಗಳೂರು ಸುಮಾರು 120 ಕಿಲೋಮೀಟರ್. ಡಿಸ್ಚಾರ್ಜ್ ದಿನವೇ ಸರ್ಜನ್ ತಂಡದ ರಾತ್ರಿ ಫೋನ್ ನಂಬರ್ ಬರೆಸಿಕೊಳ್ಳಿ. 'ಅಷ್ಟು ದೂರ ಬರೋಕಾಗದಿದ್ದರೆ ತುಮಕೂರಿನಲ್ಲಿ ಎಲ್ಲಿಗೆ ಹೋಗಬೇಕು?' ಅಂತ ಅವರ ಬಾಯಿಂದಲೇ ಕೇಳಿಕೊಂಡು ಕಾರು ಹತ್ತಿ.